ಚಿತ್ರದಲ್ಲಿರುವವರು ಖುದ್ದು ಬರತಕ್ಕದ್ದು

ಕುಣಿಗಲ್ಲಿನ ಹಿರಿಯ ನಾಗರಿಕರ ಭಾವಚಿತ್ರ ದೃಢೀಕರಣ ಕಚೇರಿಯಲ್ಲಿ ಒಮ್ಮೆ ಅಂಟಿಸಿ ಮೊಹರು ಒತ್ತಿದ ಚಿತ್ರವನ್ನು, ಅದರಲ್ಲಿರುವವರು ಖುದ್ದು ಬಂದು ಕೇಳಿದ ಹೊರತು ಕೀಳತಕ್ಕದ್ದಲ್ಲ. ಈ ನಿಯಮದಿಂದ ಯಾರಿಗೂ ತೊಂದರೆಯಾಗಿಲ್ಲ. ಆಗಿದ್ದರೆ ಅವರು ಖುದ್ದು ಬಂದು ಹೇಳುತ್ತಿದ್ದರು.

ಗುರುತಿನ ಚೀಟಿಗೆ ಅರ್ಜಿ ಕೊಡಲು ಹೋದ ದೊಡ್ಡಗಂಗಮ್ಮನವರ ಎಲೆಅಡಿಕೆ ಚೀಲದಲ್ಲಿ ಎರಡು ಚಿತ್ರಗಳಿದ್ದವು. ಒಂದು, ಸ್ಟುಡಿಯೋದಲ್ಲಿ ತೆಗೆಸಿದ ಅವರದೇ ಪಾಸ್‌ಪೋರ್ಟ್ ಸೈಜ್ ಫೋಟೋ. ಇನ್ನೊಂದು, ಅದೇ ಅಳತೆಯ ತೆಳು ದಂತದ ಬಿಲ್ಲೆಯ ಮೇಲೆ ಬರೆದ ದೊರೆಮಗನ ಚಿತ್ರ. ಕೆಂಪು ಪೇಟ, ತಿರುವಿದ ಮೀಸೆ. ಇನ್ನೂರು ವರ್ಷದ ಹಿಂದೆ ಅವನನ್ನು ಸೀಮೆಯಿಂದ ಗಡಿಪಾರು ಮಾಡಿದಾಗ, ಗಂಗಮ್ಮನವರ ಮನೆತನದವರ ಕೈಗೆ ಇದನ್ನು ಕೊಟ್ಟು, "ನಾನು ಬರೋಗಂಟ ನೋಡ್ಕೊಳ್ಳಿ" ಅಂದಿದ್ದನಂತೆ. ಬರಲೇ ಇಲ್ಲ. ಆರು ತಲೆಮಾರಿನವರು ದಿನಾ ಸಂಜೆ ಅದರ ಮುಂದೆ ದೀಪ ಹಚ್ಚಿ ಕಾದರು.

ಗಂಗಮ್ಮ ಚೀಲವನ್ನು ಮೇಜಿನ ಮೇಲೆ ಸುರಿದರು. ಗುಮಾಸ್ತ ಅಂಜನ್‌ಕುಮಾರ್ ಮೊಬೈಲಿನಿಂದ ತಲೆ ಎತ್ತದೆ, ಕೈಗೆ ಸಿಕ್ಕ ದೊರೆಮಗನಿಗೆ ಗೋಂದು ಬಳಿದು ಅರ್ಜಿಗೆ ಅಂಟಿಸಿ ಮೊಹರು ಒತ್ತಿದರು.

"ಅಯ್ಯೋ, ಅದು ನಾನಲ್ಲ ಕಣಪ್ಪ! ನಮ್ ದೊರೆಮಗ. ಕಿತ್ಕೊಡು."

"ಸೈಜ್ ಸರಿಯಾಗೈತಲ್ಲ ಅಜ್ಜಿ."

"ಮೀಸೆ ಐತೆ ಕಣೋ!"

"ಮೀಸೆ ಇರ್ಬಾರ್ದು ಅಂತ ರೂಲ್ಸ್ ಇಲ್ಲ. ಕೀಳ್ಬೇಕಂದ್ರೆ ಅವರೇ ಬರ್ಬೇಕು."

"ಅವರನ್ನ ಗಡಿಪಾರು ಮಾಡವ್ರೆ."

"ಹಂಗಾದ್ರೆ ಆರ್ಡರ್ ಕಾಪಿ ತಗೊಂಬನ್ನಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ದೇವರನ್ನೇ ಅಂಟಿಸಿಕೊಂಡಿದ್ದ. ಆ ಸಂಜೆ ದೀಪದ ಹಿಂದೆ ಬರಿಗೋಡೆ ನೋಡಿ ಗಂಗಮ್ಮ ಅತ್ತುಬಿಟ್ಟರು. ಆರು ತಲೆಮಾರು ಕಾಪಾಡಿದ್ದನ್ನು ತಾನು ಒಂದು ಬೆಳಿಗ್ಗೆಯಲ್ಲಿ ಕಳೆದೆನಲ್ಲ ಎಂಬ ಸಂಕಟ.

ತುಮಕೂರಿನ ಮೇಲಧಿಕಾರಿಗಳಿಗೆ ಬರೆಸಿದರು. ಉತ್ತರ ಬಂತು: "ಸದರಿ ದೊರೆಮಗನವರು ಯಾವುದೇ ಕೆಲಸದ ದಿನ ಹತ್ತೂವರೆಯಿಂದ ಊಟದ ವೇಳೆಯವರೆಗೆ ಹಾಜರಾಗಬಹುದು. ಗಡಿಪಾರು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ."

ಸೋಮವಾರ ಗಂಗಮ್ಮ, ತೀರಿಹೋದ ಯಜಮಾನರ ಪೇಟ ಸುತ್ತಿ, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಹೋದರು. ಅಂಜನ್‌ಕುಮಾರ್ ಚಿತ್ರ ನೋಡಿದರು, ಮುಖ ನೋಡಿದರು.

"ಇಷ್ಟ್ ದಿನ ಎಲ್ಲೋಗಿದ್ರಿ ಸಾರ್?"

"ಗಡಿಪಾರು ಮಾಡಿದ್ರು."

"ಮೊದ್ಲೇ ಬಂದಿದ್ರೆ ಆ ಅಜ್ಜಿ ಅಲೆಯೋದು ತಪ್ತಿತ್ತು. ಪಾಪ."

ದೊರೆಮಗನವರು ಹೆಬ್ಬೆಟ್ಟು ಒತ್ತಿ ಚಿತ್ರ ಪಡೆದರು. ಅರ್ಜಿಯಲ್ಲಿ ಈಗ ಹೆಸರು ಮಾತ್ರ ಉಳಿಯಿತು. ಗುಮಾಸ್ತರು ಬಾಗಿಲಿಗೆ ಬಂದು "ದೊಡ್ಡಗಂಗಮ್ಮಾ" ಎಂದು ಮೂರು ಸಲ ಕೂಗಿದರು. ಪಕ್ಕದಲ್ಲೇ ನಿಂತಿದ್ದ ಗಂಗಮ್ಮ ಓಗೊಡಲಿಲ್ಲ. ಓಗೊಟ್ಟರೆ ವೇಷ ಬಯಲಾಗಿ ಚಿತ್ರ ಮತ್ತೆ ಅರ್ಜಿಗೆ ಅಂಟುತ್ತಿತ್ತು. "ಅರ್ಜಿದಾರರು ಊರು ಬಿಟ್ಟಿರುತ್ತಾರೆ" ಎಂದು ಷರಾ ಬರೆದು ಕಡತ ಮುಚ್ಚಲಾಯಿತು.

ಸರ್ಕಾರವೇ ಬರೆದ ಮೇಲೆ ಊರವರದೇನು ತಕರಾರು? ಪಕ್ಕದ ಮನೆಯ ಚಿಕ್ಕಮಾರಮ್ಮ ಬಾಗಿಲಲ್ಲಿ ನಿಂತು, "ಗಂಗಮ್ಮ ಬಂದ್ರೆ ಹೇಳಿ ದೊರೆ, ನಮ್ ಜರಡಿ ಅವಳತ್ರ ಐತೆ" ಅಂದರು.

"ಹೇಳ್ತೀನಿ ಬುಡು."

ಸಂಜೆ ದೊರೆಮಗನ ಚಿತ್ರ ಸ್ವಸ್ಥಾನಕ್ಕೆ ಬಂತು. ಚೀಲದಲ್ಲಿ ಉಳಿದಿದ್ದ ಪಾಸ್‌ಪೋರ್ಟ್ ಸೈಜ್ ಫೋಟೋವನ್ನೂ ತೆಗೆದು ಪಕ್ಕದಲ್ಲಿಟ್ಟು, ಗಂಗಮ್ಮ ಎರಡನೆಯ ದೀಪ ಹಚ್ಚಿದರು.

"ಪಾಪ, ಎಲ್ಲವ್ಳೋ. ಅವ್ಳು ಬರೋಗಂಟ ನೋಡ್ಕೋಬೇಕಲ್ಲ."