ಬೂದಿ ಕಣಿವೆಯ ಆಶೀರ್ವಚನ

ಮಹತಿ ಅಪ್ಪನಿಗೆ ಸುಳ್ಳು ಹೇಳಿರಲಿಲ್ಲ. ಅರ್ಧ ನಿಜ ಹೇಳಿದ್ದಳು, ಅಷ್ಟೇ. "ಆಫೀಸ್ ಬಿಟ್ರ ಆ ಹುಡುಗ ಏನ್ ಮಾಡ್ತಾನ?" ಎಂದು ಸಿದ್ರಾಮಪ್ಪನವರು ಫೋನಿನಲ್ಲಿ ಕೇಳಿದಾಗ, "ಆತ್ಮದ ಬಗ್ಗೆ, ಸತ್ತ ಮ್ಯಾಲಿನ ಲೋಕದ ಬಗ್ಗೆ ಇಂಟರ್ನೆಟ್‌ನಾಗ ಬರೀತಾನಪ್ಪಾ" ಎಂದಿದ್ದಳು. ಆ ಲೋಕದ ಹೆಸರು ಬೂದಿ ಕಣಿವೆ, ಅದು ಇರುವುದು ಒಂದು ಇಂಗ್ಲಿಷ್ ಕಾದಂಬರಿ ಮಾಲೆಯಲ್ಲಿ, ಅಲ್ಲಿ ಡ್ರ್ಯಾಗನ್‌ಗಳೂ ಹಾರಾಡುತ್ತವೆ ಎಂಬುದನ್ನು ನುಂಗಿಕೊಂಡಿದ್ದಳು.

ಆಸ್ಟಿನ್‌ನಲ್ಲಿ ಆ ಹುಡುಗ ಅನಿರುದ್ಧ ಮತ್ತು ಅವನ ರೂಂಮೇಟ್ ನಿಶ್ಚಲ್ ಒಂದೇ ಸೋಫಾದ ಎರಡು ತುದಿಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಆ ಕಾದಂಬರಿಯ ಅಭಿಮಾನಿಗಳ ಫೋರಮ್ಮಿನಲ್ಲಿ ಜಗಳವಾಡುತ್ತಿದ್ದರು. ಕೊನೆಯ ಸಂಪುಟ ಇನ್ನೂ ಬಂದಿರಲಿಲ್ಲ. ಕಣಿವೆಯಲ್ಲಿ ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಗೊತ್ತಿತ್ತು. ಸತ್ತವರ ಆತ್ಮ ಅವರ ಕೈ ಅತಿ ಹೆಚ್ಚು ಮುಟ್ಟಿದ ವಸ್ತುವಿನಲ್ಲಿ ಅಡಗಿ ಕೂರುತ್ತದೆ, ಮನೆಯವರು ಅದನ್ನು ಮತ್ತೆ ಬಳಸಿದಾಗಲೇ ಅದಕ್ಕೆ ಬಿಡುಗಡೆ ಎಂಬುದು ಅನಿರುದ್ಧನ ಥಿಯರಿ. "ಕತ್ತೆಗೂ ಇದಕ್ಕಿಂತ ಒಳ್ಳೇದು ಹೊಳೆಯುತ್ತೆ" ಎಂದು ನಿಶ್ಚಲ್ ಟೈಪ್ ಮಾಡುವನು. ಮಾಡಿದವನೇ ತಲೆಯೆತ್ತಿ, "ಕಾಫಿ ಬೇಕೇನೋ?" ಎಂದು ಕೇಳುವನು.

ಫೆಬ್ರವರಿಯ ಆ ಶನಿವಾರ ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್‌ನ ಸಿದ್ರಾಮಪ್ಪನವರ ಮನೆಯಲ್ಲಿ ಅವರ ತಾಯಿಯ ಮೊದಲ ವರ್ಷದ ಪುಣ್ಯಸ್ಮರಣೆ. ಊಟವಾದ ಮೇಲೆ ಅನಿರುದ್ಧ ಮದುವೆಯ ಮಾತು ಎತ್ತಬೇಕೆಂದು ಮಹತಿಯೇ ಗೊತ್ತು ಮಾಡಿದ್ದಳು. ಮೂರು ವರ್ಷದ ಪ್ರೀತಿ ಆ ಒಂದು ಮಧ್ಯಾಹ್ನದ ಮೇಲೆ ನಿಂತಿತ್ತು. ಧೈರ್ಯಕ್ಕೆಂದು ಅವನು ನಿಶ್ಚಲ್‌ನನ್ನು ಕರೆದೊಯ್ದ. ನಿಶ್ಚಲ್ ಹೊರಟಿದ್ದು ಹೋಳಿಗೆಗಾಗಿ.

ಬಾಗಿಲಲ್ಲಿ ಶೂ ಬಿಚ್ಚುವಷ್ಟರಲ್ಲೇ ಗ್ರಹಚಾರ ಸುತ್ತಿಕೊಂಡಿತು. ಆಶೀರ್ವಚನಕ್ಕೆ ಬರಬೇಕಾಗಿದ್ದ ಸ್ವಾಮಿಗಳು ಡಾಲಸ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ರಾತ್ರಿಯೆಲ್ಲ ಮಂಜುಗಡ್ಡೆಯ ಮಳೆ ಸುರಿದು ಅಲ್ಲಿ ವಿಮಾನವೂ ಇಲ್ಲ, ರಸ್ತೆಯೂ ಇಲ್ಲ. ಹಾಲ್ ತುಂಬ ಜನ, ಮಧ್ಯದಲ್ಲಿ ಖಾಲಿ ಆಸನ, ಅದರ ಮೇಲೆ ಮಡಿಸಿಟ್ಟ ಕಾವಿ ಶಾಲು. ಸಿದ್ರಾಮಪ್ಪನವರ ಮುಖ ಬಾಡಿಹೋಗಿತ್ತು.

"ಅವ್ವನ ಮೊದಲನೇ ವರ್ಷ. ನಾಕು ಮಾತ ಹೇಳೋರಿಲ್ಲದ ಹೆಂಗ ಪ್ರಸಾದಕ್ಕ ಕೂಡೂದು?"

ಆಗ ಬಾಯಿ ಹಾಕಿದವರು ತಿಮ್ಮಯ್ಯನವರು. ಊರಂಚಿನ ಸೈಪ್ರೆಸ್‌ನಲ್ಲಿದ್ದುಕೊಂಡೇ ಇಡೀ ಹ್ಯೂಸ್ಟನ್ನಿನ ಕನ್ನಡಿಗರ ಮನೆಗಳಲ್ಲಿ ಮೂಗು ತೂರಿಸುವಷ್ಟು ಉದ್ದ ಮೂಗಿನವರು. "ಯಾಕ್ ಯೋಚನೆ ಮಾಡ್ತೀರಾ? ಆತ್ಮದ ಬಗ್ಗೆ ಬರೆಯೋ ಹುಡುಗ ಇಲ್ಲೇ ನಿಂತಿದಾನಲ್ರೀ! ನೀವೇ ಹೇಳಿದ್ರಿ!"

ಮಹತಿ ಅನಿರುದ್ಧನನ್ನು ಅಡುಗೆಮನೆಯ ಮೂಲೆಗೆ ಎಳೆದಳು.

"ಖರೇ ಹೇಳಿಬಿಡು. ಕತಿ ಪುಸ್ತಕದ್ದು ಅಂತ ಹೇಳು. ಅಪ್ಪ ಬೈತಾನ, ಆಮ್ಯಾಲ ನಗ್ತಾನ."

"ಐವತ್ತು ಜನರ ಮುಂದೆ? ಡ್ರ್ಯಾಗನ್ ಅಂತ? ಆಮೇಲೆ ಮದುವೆ ಮಾತು ಹೇಗೆ ಎತ್ತಲಿ?"

ಬುದ್ಧಿ ಹೇಳುವವರ ಮಾತು ಕೇಳಬೇಕು. ಕೇಳಿದ್ದರೆ ಈ ಕತೆ ಇರುತ್ತಿರಲಿಲ್ಲ.

ಅನಿರುದ್ಧ ಹೋಗಿ ಆಸನದ ಮೇಲೆ ಕೂತ. ಯಾರೋ ಶಾಲು ಹೊದಿಸಿದರು. ಎದುರಿಗೇ ನಿಶ್ಚಲ್, ಬಾಯಿ ತೆರೆದುಕೊಂಡು ಕೂತಿದ್ದ. ಅನಿರುದ್ಧನಿಗೆ ಒಂದು ವಚನವೂ ಪೂರ್ತಿ ಬರುತ್ತಿರಲಿಲ್ಲ. ತಲೆಯಲ್ಲಿದ್ದದ್ದು ಕಣಿವೆ ಒಂದೇ. ಡ್ರ್ಯಾಗನ್‌ಗಳನ್ನು ಹೊರಗೆ ಓಡಿಸಿ, ಉಳಿದದ್ದನ್ನು ಹೇಳತೊಡಗಿದ.

"ಹೋದವರು ದೂರ ಹೋಗೋದಿಲ್ಲ. ಅವರ ಕೈ ಯಾವುದನ್ನ ಹೆಚ್ಚು ಮುಟ್ಟಿತ್ತೋ ಅದರಲ್ಲೇ ಇರ್ತಾರೆ. ಈ ಮನೆಯಲ್ಲಿ ಅಜ್ಜಿಯ ಕೈ ಯಾವುದನ್ನ ಮುಟ್ಟಿತ್ತು?"

"ರೊಟ್ಟಿ ಹಂಚು," ಎಂದರು ಸಿದ್ರಾಮಪ್ಪನವರು ಮೆಲ್ಲಗೆ. "ಧಾರವಾಡದಿಂದ ಸೂಟ್‌ಕೇಸಿನಾಗ ಹೊತ್ತು ತಂದಿದ್ಲು. ಹೋದಾಗಿಂದ ಗರಾಜಿನಾಗ ಬಿದ್ದೈತಿ."

"ಅದು ಒಲೆ ಮೇಲೆ ಕೂತ ದಿನ ಅವರಿಗೆ ಸಮಾಧಾನ."

ಸಿದ್ರಾಮಪ್ಪನವರು ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಹಾಲ್‌ನಲ್ಲಿ ಎಲ್ಲರ ಮೂಗೂ ಸೊರಗುಟ್ಟಿತು. ಆ ಕ್ಷಣ ಅನಿರುದ್ಧ ತನ್ನ ಥಿಯರಿಯನ್ನು ನಿಜವಾಗಿ ನಂಬಿದ.

ಅಷ್ಟರಲ್ಲಿ ನಿಶ್ಚಲ್ ಕೈ ಎತ್ತಿದ. ಹುಟ್ಟುಗುಣ ಸುಟ್ಟರೂ ಹೋಗದು.

"ಒಂದ್ ನಿಮಿಷ. ಮೂರನೇ ಸಂಪುಟದಲ್ಲಿ ಕತ್ತಿ ಮುರಿದುಹೋಗುತ್ತಲ್ಲ? ಆಗ ಆತ್ಮ ಎಲ್ಲಿಗ್ ಹೋಯ್ತು?"

ಅನಿರುದ್ಧ ಶಾಲಿನೊಳಗಿಂದಲೇ ಬೇಡ ಬೇಡ ಎಂದು ಕೈಯಾಡಿಸಿದ.

"ಮೂರನೇ ಸಂಪುಟ? ಯಾವ ಗ್ರಂಥದ್ದು, ತಮ್ಮಾ?" ಸಿದ್ರಾಮಪ್ಪನವರು ಕಣ್ಣೊರೆಸಿಕೊಂಡು ತಿರುಗಿದರು.

ನಿಶ್ಚಲ್ ಅನಿರುದ್ಧನ ಮುಖ ನೋಡಿದ. ಬೂದಿ ಕಣಿವೆಯ ಬೂದಿಯೆಲ್ಲ ಅಲ್ಲಿಗೇ ಬಂದು ಬಿದ್ದಂತಿತ್ತು. ಗೆಳೆಯನಲ್ಲವೇ, ಕರುಳು ಚುರುಕ್ ಎಂದಿತು.

"ಅಯ್ಯೋ, ಗ್ರಂಥ ಅಲ್ಲ ಅಂಕಲ್. ನಾನು ಮಾಟ ಮಂತ್ರ, ರಾಜಕುಮಾರರ ಕತೆ ಪುಸ್ತಕ ಓದೋನು. ಇಂಟರ್ನೆಟ್‌ನಲ್ಲಿ ಅದಕ್ಕಾಗಿ ಜಗಳಾನೂ ಆಡ್ತೀನಿ. ಶಾಸ್ತ್ರಗೀಸ್ತ್ರ ನಂಗೊತ್ತಿಲ್ಲ. ಹೋಳಿಗೆ ತಿನ್ನೋಕೆ ಬಂದೆ, ನಿಜ ಹೇಳಬೇಕಂದ್ರೆ."

ಜನ ನಕ್ಕರು. ಸಿದ್ರಾಮಪ್ಪನವರೂ ಕಣ್ಣೀರಿನಲ್ಲೇ ನಕ್ಕರು. ಅನಿರುದ್ಧನ ಜೀವ ವಾಪಸು ಬಂತು. ಗೆದ್ದೆ ಎಂದುಕೊಂಡ.

ಊಟಕ್ಕೆ ಅವನನ್ನು ಬೇರೆ ಕೂರಿಸಿದರು. ಉಳಿದವರ ಎಲೆಗೆ ಗರಾಜಿನಿಂದ ಬಂದ ಹಂಚಿನ ಬಿಸಿ ರೊಟ್ಟಿ, ಎಣ್ಣೆಗಾಯಿ, ತುಪ್ಪ ಸುರಿದ ಹೋಳಿಗೆ. ಅವನ ಮುಂದೆ ಹಾಲು, ಹಣ್ಣು. "ಖಾರ, ಸಿಹಿ ಎಲ್ಲಾ ನಮ್ಮಂಥೋರಿಗೆ" ಎಂದು ತಿಮ್ಮಯ್ಯನವರು ಎರಡನೇ ಹೋಳಿಗೆ ಮುರಿದರು.

ಕೊನೆಗೂ ಸಮಯ ಬಂತು. ಮಹತಿ ಕಣ್ಸನ್ನೆ ಮಾಡಿದಳು. ಅನಿರುದ್ಧ ಶಾಲು ಸರಿಪಡಿಸಿಕೊಂಡು ಸಿದ್ರಾಮಪ್ಪನವರ ಮುಂದೆ ನಿಂತ.

"ಅಂಕಲ್, ಮಹತಿ ವಿಷಯ ಮಾತಾಡಬೇಕಿತ್ತು..."

ಸಿದ್ರಾಮಪ್ಪನವರು ಎರಡೂ ಕೈ ಜೋಡಿಸಿದರು. "ಮಗಳು ಮೊದಲ ಹೇಳ್ಯಾಳ್ರಿ. ಇವತ್ತು ನಿಮ್ಮನ್ನ ಒಪ್ಪಿಬಿಡೂದು ಅಂತನ ಮಾಡಿದ್ದೆ. ಆದ್ರ ಈಗ ನನ್ನ ಕಣ್ಣು ತೆರೀತು. ನಿಮ್ಮಂಥ ಶರಣರನ್ನ ಸಂಸಾರಕ್ಕ ಕಟ್ಟಿಹಾಕೂದಂದ್ರ ಪಾಪ. ಆ ಪಾಪ ನನಗ ಬ್ಯಾಡ್ರಿ."

ಅನಿರುದ್ಧ ಆತುರದಿಂದ ಶಾಲು ಕಿತ್ತು ತೆಗೆದ.

"ನಮ್ಮ ಮಗಳಿಗೆ ಕತಿ ಓದ್ಕೋತ, ಜಗಳ ಆಡ್ಕೋತ, ಹೊಟ್ಟಿ ತುಂಬ ಉಣ್ಣೋ ಸಾದಾ ಹುಡುಗ ಸಾಕು," ಎಂದು ಅವರು ನಿಶ್ಚಲ್‌ನ ಕಡೆ ತಿರುಗಿದರು. "ತಮ್ಮಾ, ನಿಂದು ಲಗ್ನ ಆಗೇತೇನು?"

ನಿಶ್ಚಲ್‌ನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

"ಅಂಕಲ್!" ಅನಿರುದ್ಧ ಕೂಗಿದ. "ನಾನೂ ಸಾದಾನೇ! ನಾನು ಹೇಳಿದ್ದೆಲ್ಲ ಕತೆ! ಅದೇ ಪುಸ್ತಕದ್ದು! ನಂಗೇನೂ ಗೊತ್ತಿಲ್ಲ, ನಂಬಿ!"

ಸಿದ್ರಾಮಪ್ಪನವರ ಕಣ್ಣು ಮತ್ತೆ ತುಂಬಿ ಬಂದವು. "ಕೇಳಿದ್ರೇನ್ರಿ ತಿಮ್ಮಯ್ಯನವರ? ಎಲ್ಲಾ ಕತಿ ಅಂತಾರ, ನನಗೇನೂ ಗೊತ್ತಿಲ್ಲ ಅಂತಾರ. ಇದಕ್ಕಿಂತ ದೊಡ್ಡ ಜ್ಞಾನ ಯಾವುದೈತಿ?" ಎನ್ನುತ್ತಾ ಬಗ್ಗಿ ಅವನ ಪಾದ ಮುಟ್ಟಿದರು.

"ಮುಂಜಾನೆ ಹೇಳಿದ್ರ ಅಪ್ಪ ನಂಬತಿದ್ದ," ಎಂದಳು ಮಹತಿ ಹಲ್ಲು ಕಚ್ಚಿ. "ಈಗ ನಾ ಹೇಳಿದ್ರೂ ನಂಬಾಂಗಿಲ್ಲ."

ತಿಮ್ಮಯ್ಯನವರು ಮುಂದಿನ ತಿಂಗಳು ತಮ್ಮ ಮನೆಗೂ ಬಂದು ಆಶೀರ್ವದಿಸಬೇಕೆಂದು ಅಡ್ಡಬಿದ್ದರು. ಹೊರಡುವಾಗ ಹೋಳಿಗೆ ತುಂಬಿದ ಸ್ಟೀಲ್ ಡಬ್ಬಿ ನಿಶ್ಚಲ್‌ನ ಕೈಗೆ ಬಂತು. ಅನಿರುದ್ಧನಿಗೆ ಭಕ್ತಿಯಿಂದ ಎರಡು ಬಾಳೆಹಣ್ಣು ಕೊಟ್ಟರು.