ಮೂರು ಸುತ್ತು ಒರೆಸಿದ ಕಂಪ್ಯೂಟರ್

ಶಿಸ್ತಿನ ಮನುಷ್ಯನಿಗೆ ನಷ್ಟವಾಗುವುದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ಮನೆಯನ್ನೂ ನಿಲ್ದಾಣದಂತೆಯೇ ನಡೆಸಿದೆ. ನಮ್ಮ ಮನೆಯ ಚಪ್ಪಲಿಗಳು ಮೂತಿ ಹೊರಗೆ ಮಾಡಿ, ಹೊರಡಲು ಸಿದ್ಧವಾದ ಬಸ್ಸುಗಳಂತೆ ಸಾಲಾಗಿ ನಿಲ್ಲಬೇಕು. ಈ ವೇಳಾಪಟ್ಟಿಗೆ ಸಿಗದೆ ಓಡಾಡಿದ ಗಾಡಿ ಎಂದರೆ ನನ್ನ ಹೆಂಡತಿ ಶಾಂತಮ್ಮ ಒಬ್ಬಳೇ. ಅವಳಿಗೆ ಅವಳದೇ ಕಾಯಿದೆಗಳಿದ್ದವು. ನೆರೆಮನೆಯವರು ಪಲ್ಯ ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು. ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ನಾನು ತೊಳೆದು ಒರೆಸಿದ ಡಬ್ಬಿಗೆ ಮತ್ತೆ ಸಕ್ಕರೆ ಸುರಿದು ಇರುವೆಗಳನ್ನು ಕರೆಯುತ್ತೀಯಲ್ಲ ಎಂದು ಗೊಣಗಿದರೆ, "ಬರೇ ಡಬ್ಬಿ ಕೊಟ್ರ ಮನಿ ಬರಿದಾಗ್ತದ್ರೀ" ಎನ್ನುತ್ತಿದ್ದಳು. ಅವಳು ತೀರಿಕೊಂಡು ವರ್ಷ ತುಂಬಿತು. ಈಗ ಮನೆಯಲ್ಲಿ ಪ್ರತಿಯೊಂದು ವಸ್ತುವೂ ನಾನು ಇಟ್ಟಲ್ಲೇ ಇರುತ್ತದೆ. ಅದೇ ತೊಂದರೆ.

ನಿವೃತ್ತಿಯ ಹೊಸದರಲ್ಲಿ ಒಂದು ಕಂಪ್ಯೂಟರ್ ಕೊಂಡಿದ್ದೆ. ಅದರಲ್ಲಿ ನಾನು ಮಾಡಿದ ಘನಕಾರ್ಯವೆಂದರೆ, ನಮ್ಮ ಓಣಿಯ ನಳದ ಬಗ್ಗೆ ಪುರಸಭೆಗೆ ಬರೆದ ಅರ್ಜಿಗಳು. ಅವುಗಳ ಹೊರತಾಗಿ ಇದ್ದದ್ದು ಶಾಂತಮ್ಮನ ಪದಗಳು. ಅವಳ ತವರು ಜಾಲಹಳ್ಳಿ. ಅಲ್ಲಿ ಅವಳೂ ತಂಗಿ ಗೌರಮ್ಮನೂ ಎದುರುಬದುರು ಕೂತು ಜೋಳ ಬೀಸುತ್ತ ಹಾಡುತ್ತಿದ್ದ ಪದಗಳು. ಬೀಸುವ ಕಲ್ಲು ಮನೆಯಿಂದ ಹೋಗಿ ಎಷ್ಟೋ ಕಾಲವಾದರೂ ಪದಗಳು ಅವಳ ಬಾಯಲ್ಲಿ ಉಳಿದಿದ್ದವು. ರೆಕಾರ್ಡ್ ಮಾಡೋಣವೆಂದು ಕುರ್ಚಿಯ ಮೇಲೆ ಕೂರಿಸಿದರೆ ಒಂದು ಸಾಲೂ ಬರಲೊಲ್ಲದು. ಕೈ ಆಡದೆ ಬಾಯಿ ಆಡುವುದಿಲ್ಲವಂತೆ. ಕೊನೆಗೆ ಕಂಪ್ಯೂಟರನ್ನೇ ಅಡುಗೆಮನೆ ಬಾಗಿಲಿಗೆ ತಂದು, ಹಿಟ್ಟಿನ ಡಬ್ಬಿಯ ಮೇಲೆ ಮೈಕು ನಿಲ್ಲಿಸಿದೆ. ಅವಳು ರೊಟ್ಟಿ ಬಡಿಯತೊಡಗಿದಳು, ಪದ ತಾನಾಗಿ ಬಂತು. ಒಂದು ಪದದ ನಡುವೆ ನಾನು ಮೈಕು ಸರಿಪಡಿಸಲು ಹೋದಾಗ ಆಕೆ ಹಾಡು ನಿಲ್ಲಿಸಿ, "ಮೊದಲ ಉಣ್ಣ ಬರ್ರಿ, ರೊಟ್ಟಿ ಆರ್ತದ. ಪದ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದದ್ದೂ ಅದರಲ್ಲಿ ದಾಖಲಾಗಿತ್ತು. ಆಗ ಅದನ್ನು ಕತ್ತರಿಸಿ ತೆಗೆಯಬೇಕೆಂದಿದ್ದೆ. ಹೇಗೋ ಉಳಿದಿತ್ತು.

ಈ ವರ್ಷ ಕಂಪ್ಯೂಟರನ್ನು ಮಾರಿಬಿಡೋಣ ಎನಿಸಿತು. ಓಡದ ಬಸ್ಸು ಪ್ಲಾಟ್‌ಫಾರಂ ಹಿಡಿದು ನಿಲ್ಲಬಾರದು. ಕೊಳ್ಳಲು ಮುಂದೆ ಬಂದವಳು ಸಾವಿತ್ರಿ. ಅವಳೂ ಜಾಲಹಳ್ಳಿಯವಳೇ, ರಾಯಚೂರಿನಲ್ಲಿ ಜನರ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಂಗಡಿ ಇಡುತ್ತಿದ್ದಳು. ಹಳೆಯ ಕಂಪ್ಯೂಟರ್ ಮಾರುವ ಮೊದಲು ಹಾರ್ಡ್ ಡಿಸ್ಕನ್ನು ಪೂರ್ತಿ ಒರೆಸಬೇಕು, ಇಲ್ಲವಾದರೆ ಕಳ್ಳರು ಹಳೆಯ ಕಡತಗಳನ್ನು ಎತ್ತಿಬಿಡುತ್ತಾರೆ ಎಂದು ಎಲ್ಲೋ ಓದಿದ್ದೆ. ನನ್ನ ನಳದ ಅರ್ಜಿಗಳನ್ನು ಕದ್ದ ಕಳ್ಳ ಓದುತ್ತಲೇ ನಿದ್ದೆ ಹೋಗುತ್ತಿದ್ದ, ಆ ಮಾತು ಬೇರೆ. ನಿಯಮ ನಿಯಮವೇ. ಮೊದಲು ಪರದೆಯ ಮೇಲೆ ಸಾಲಾಗಿದ್ದ ಪದಗಳ ಗುರುತುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿದೆ. ಹೆಸರುಗಳನ್ನು ತಾಳೆ ನೋಡಿದೆ. ಪೆನ್‌ಡ್ರೈವಿನಲ್ಲಿದ್ದ ಒಂದನ್ನು ಒತ್ತಿ ಪರೀಕ್ಷೆಯನ್ನೂ ಮಾಡಿದೆ. ರೊಟ್ಟಿಯ ಸಪ್ಪಳ ಬಂತು, ಹಿಂದೆಯೇ ಅವಳ ದನಿ. ಮುಂದೆ ಕೇಳಲಾಗದೆ ನಿಲ್ಲಿಸಿದೆ. ಆಮೇಲೆ ಡಿಸ್ಕ್ ಒರೆಸುವ ಸಾಫ್ಟ್‌ವೇರ್ ಹಾಕಿದೆ. ಒಂದು ಸುತ್ತು ಸಾಕೋ, ಮೂರು ಸುತ್ತು ಬೇಕೋ ಎಂದು ಅದು ಕೇಳಿತು. ಇಂಥ ಪ್ರಶ್ನೆಯನ್ನು ನನ್ನಂಥವನಿಗೆ ಕೇಳಬಾರದು. ಮೂರು ಎಂದೆ.

ಕಂಪ್ಯೂಟರನ್ನು ರಾಯಚೂರಿಗೆ ಮುಟ್ಟಿಸಿ ಬಂದೆ. ಹೊಸದರಂತಿದೆ ಎಂದು ಸಾವಿತ್ರಿ ಹೊಗಳಿದಳು, ನಾನು ಎದೆಯುಬ್ಬಿಸಿದೆ. ಅದರ ಮುಂದಿನ ವಾರ ಮಾನ್ವಿಯಲ್ಲಿರುವ ಗೌರಮ್ಮನ ಮನೆಗೆ ಪೆನ್‌ಡ್ರೈವ್ ಒಯ್ದೆ. ಅಕ್ಕ ಹೋದಾಗಿನಿಂದ ಅವಳು ಆ ಪದಗಳು ಬೇಕೆಂದು ಕೇಳುತ್ತಲೇ ಇದ್ದಳು. ಬೀಸುವಾಗ ಮುಂದಿನ ನುಡಿಗಳನ್ನು ಹೇಳುತ್ತಿದ್ದವಳು ಅಕ್ಕ. ಗೌರಮ್ಮನದು ಬರೀ ಪಲ್ಲವಿ. ಅವಳಿಗೆ ಈಗ ನೆನಪಿರುವುದೂ ಅಷ್ಟೇ. ನೆರೆಯ ಹೆಂಗಸರನ್ನೂ ಕರೆದು, ಚಾಪೆ ಹಾಸಿ, ತಾನು ಮುಂದೆ ಕೂತಳು. ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ದನಿಯಿಲ್ಲ. ಅವಳ ಸೊಸೆ ತನ್ನ ಲ್ಯಾಪ್‌ಟಾಪಿಗೆ ಹಾಕಿ ಒಂದೊಂದನ್ನೇ ಒತ್ತಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: ಇದರಲ್ಲಿ ಪದಗಳಿಲ್ಲ, ಪದಗಳಿದ್ದ ಜಾಗ ತೋರಿಸುವ ಶಾರ್ಟ್‌ಕಟ್ ಗುರುತುಗಳಷ್ಟೇ ಇವೆ. ಅಂದು ಕೇಳಿದ ದನಿ ಕಂಪ್ಯೂಟರಿನ ಹೊಟ್ಟೆಯಿಂದಲೇ ಬಂದದ್ದು.

ಗೌರಮ್ಮನಿಗೆ ಅರ್ಥವಾಗಲು ತಡವಾಗಲಿಲ್ಲ. "ಅಲ್ರೀ ಭಾವಾರ, ಇಡೀ ಜನ್ಮ ಬಸ್‌ ಸ್ಟ್ಯಾಂಡಿನ್ಯಾಗ ಕಳದೀರಿ. ಬಸ್ ಬಿಟ್ಟು ಬೋರ್ಡ್ ಅಷ್ಟ ಬಿಚ್ಚಿಕೊಂಡು ಬಂದೀರಲ್ರೀ" ಎಂದಳು. ನೆರೆಯ ಹೆಂಗಸರು ನಕ್ಕರು. ನಾನೂ ನಕ್ಕೆ. ಗೌರಮ್ಮ ಮಾತ್ರ ತನ್ನ ಮಾತಿಗೆ ತಾನು ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಚಾಪೆ ಹಾಸಿದಂತೆಯೇ ಇತ್ತು.

ಅಲ್ಲಿಂದ ನೇರ ರಾಯಚೂರಿನ ಬಸ್ಸು ಹತ್ತಿದೆ. ಸಾವಿತ್ರಿಯ ಅಂಗಡಿಯಲ್ಲಿ ನಮ್ಮ ಕಂಪ್ಯೂಟರಿನ ಮುಂದೆ ಜನ ಸಾಲುಗಟ್ಟಿದ್ದರು; ನನ್ನ ಕೈಯಲ್ಲಿ ಅದು ಅಷ್ಟು ದುಡಿದದ್ದಿಲ್ಲ. ಸಾಲು ಕರಗುವವರೆಗೆ ಕಾದು, ಹಳೆಯದನ್ನು ಮತ್ತೆ ತೆಗೆಯಬಹುದೇ ಎಂದು ಕೇಳಿದೆ. ಹೇಗೆ ಅಳಿಸಿದಿರಿ ಎಂದಳು. ಕ್ರಮವಾಗಿ ವಿವರಿಸಿದೆ. ಅವಳು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಸುಮ್ಮನ ಡಿಲೀಟ್ ಮಾಡಿ ಕೊಟ್ಟಿದ್ರ ತಗೀಬಹುದಿತ್ರೀ ಯಪ್ಪಾ. ನೀವು ಅದರ ಮ್ಯಾಲ ಮೂರು ಸುತ್ತು ಸೊನ್ನಿ ಬರದೀರಿ. ಈಗ ಯಾರ ಕೈಲೂ ಆಗಂಗಿಲ್ಲ."

ಅಂದರೆ ಗಡಿಬಿಡಿಯ ಸೋಮಾರಿಯೊಬ್ಬನ ಮನೆಯಲ್ಲಿ ಆ ಪದಗಳು ಉಳಿಯುತ್ತಿದ್ದವು. ಹೊರಗೆ ಬಂದು ಪಕ್ಕದ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು, ಮತ್ತೆ ಒಳಗೆ ಹೋಗಿ ಅವಳ ಮೇಜಿನ ಮೇಲಿಟ್ಟೆ.

"ಇದ್ಯಾಕ್ರೀ?"

ನಮ್ಮ ಮನೆಯಿಂದ ಯಾವುದನ್ನೂ ಖಾಲಿ ಕೊಡುವ ಪದ್ಧತಿಯಿಲ್ಲ, ಅಂದು ಮರೆತು ಕೊಟ್ಟುಬಿಟ್ಟೆ ಎಂದೆ. ಸಾವಿತ್ರಿ ನಗಲಿಲ್ಲ. ಜಾಲಹಳ್ಳಿಯ ಹುಡುಗಿ. ಸಕ್ಕರೆಯನ್ನು ಚಹಾದ ಡಬ್ಬಿಗೆ ಸುರಿದುಕೊಂಡು, ಖಾಲಿಯಾದ ಚೀಲಕ್ಕೆ ತನ್ನ ಬುತ್ತಿಯ ಪಕ್ಕದಲ್ಲಿದ್ದ ಹುರಿದ ಶೇಂಗಾ ಹಿಡಿಯಷ್ಟು ಹಾಕಿ ನನ್ನ ಕೈಗಿಟ್ಟಳು.

ದೇವದುರ್ಗದ ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಒಂದು ಪದವನ್ನಾದರೂ ನೆನಪಿಸಿಕೊಳ್ಳಲು ನೋಡಿದೆ. ದಾರಿಯ ನಿಲುಗಡೆಗಳೆಲ್ಲ ಕ್ರಮವಾಗಿ ನೆನಪಾದವು. ಪದದ ಒಂದು ಸಾಲೂ ಬರಲಿಲ್ಲ. ಶಾಂತಮ್ಮ ಉಣ್ಣಲು ಕರೆದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಊರು ಬಂತು. ಚೀಲವನ್ನು ಅಂಚಿಗೆ ಅಂಚು ಸೇರಿಸಿ ಮಡಚಿದೆ. ಜೇಬಿಗಿಡುವ ಮೊದಲು ಬಿಚ್ಚಿ, ಒಳಗೆ ಏನೂ ಉಳಿಯದಂತೆ ಮೂರು ಸಲ ಕೊಡವಿದೆ. ಅಭ್ಯಾಸ.