ಗೋಧಿ ಬಿಟ್ಟವನೂ ಬಡಿಸುವ ದೊಡ್ಡವ್ವನೂ

ನಮ್ಮ ದೊಡ್ಡವ್ವನ ವೈದ್ಯಶಾಸ್ತ್ರದಲ್ಲಿ ರೋಗಗಳು ಎರಡೇ: ಉಣ್ಣದೆ ಬಂದದ್ದು ಮತ್ತು ಕಡಿಮೆ ಉಂಡು ಬಂದದ್ದು. ಔಷಧ ಎರಡಕ್ಕೂ ಒಂದೇ, ಇನ್ನೊಂದು ಚಪಾತಿ! ಬನಹಟ್ಟಿಯ ಅವಳ ಮನೆಯಲ್ಲಿ ಸುಮ್ಮನೆ ಕೂತವರ ತಾಟಿಗೆ ಒಂದು ಬಿದ್ದರೆ, 'ಸಾಕು' ಎಂದವರ ತಾಟಿಗೆ ಎರಡು ಬೀಳುತ್ತವೆ. ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಸುರಿಯುತ್ತಾಳೆ. ಅವಳ ಸ್ವಂತ ಅಳಿಯನಿಗೇ ಹಾಗಾಗಿದೆ.

ಇಂಥವಳ ಮುಂದೆ ಹೋಗಿ ನಾನು, "ದೊಡ್ಡವ್ವಾ, ಇನ್ನ ಮ್ಯಾಲೆ ನನಗ ಗೋದಿ ಬ್ಯಾಡ, ಹಾಲೂ ಬ್ಯಾಡ" ಎಂದರೆ ಏನಾಗಬೇಕು? ವರ್ಷವಿಡೀ ಹೊಟ್ಟೆ ಕೆಟ್ಟು, ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿ, ಬೆಳಗಾವಿಯ ಡಾಕ್ಟರಿಂದ ಪಡೆದು ತಂದ ತೀರ್ಪು ಅದು. ಗೋಧಿಯಲ್ಲಿರುವ ಗ್ಲುಟೆನ್ ನನ್ನ ಕರುಳಿಗೆ ಆಗುವುದಿಲ್ಲ, ಹಾಲೂ ಆಗುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ಗ್ಲುಟೆನ್ನಾ? ಅದನ್ನ ನಾ ಎಂದೂ ಅಡಗಿಗೆ ಹಾಕೇ ಇಲ್ಲಲೇ!" ಎಂದಳು. ಆಮೇಲೆ ಅವಳ ಸಿಟ್ಟು ಬೆಳಗಾವಿಯ ಡಾಕ್ಟರ ಕಡೆ ತಿರುಗಿತು. "ಹಾಲ ಬ್ಯಾಡ ಅಂದಾಂವ ಯಾಂವ? ಅವರವ್ವ ಅವಗ ಹಾಲ ಕುಡಿಸಿದ್ಳೋ, ಬರೇ ಚಾ ಕುಡಿಸಿದ್ಳೋ?"

ಅಂದು ಮಾಡಿದ್ದು ಕಡಬು. ನಾನು ಬಾಯಿ ತೆರೆಯುವ ಮೊದಲೇ ಒಂದೊಂದನ್ನೂ ಒಡೆದು, ಒಳಗಿನ ಹೂರಣ ನನಗೆ ಹಾಕಿ, ಮೇಲಿನ ಗೋಧಿ ಸಿಪ್ಪೆಯನ್ನು ದೊಡ್ಡಪ್ಪನ ತಾಟಿಗೆ ಎಸೆದಳು. ದೊಡ್ಡಪ್ಪ ಸಿಪ್ಪೆಯನ್ನೇ ತಿಂದರು. ಅಷ್ಟು ವರ್ಷ ಸಂಸಾರ ಮಾಡಿದವರು ಮತ್ತೇನು ಮಾಡಿಯಾರು? ನನ್ನ ಹೂರಣದ ಮೇಲೆ ಒಂದು ಸೌಟು ತುಪ್ಪ ಬಿತ್ತು.

"ದೊಡ್ಡವ್ವಾ, ತುಪ್ಪ ಹಾಲಿಂದಲ್ಲೇನ?"

"ಹಾಲ ಮೊಸರಾತು, ಮೊಸರ ಬೆಣ್ಣಿ ಆತು, ಬೆಣ್ಣಿ ತುಪ್ಪ ಆತು. ಇಷ್ಟೆಲ್ಲಾ ಆದಮ್ಯಾಲೂ ಅದರಾಗ ಹಾಲ ಉಳದಿರತೈತೇನ?"

ಈ ಲೆಕ್ಕ ಆ ಡಾಕ್ಟರ ಪುಸ್ತಕದಲ್ಲೂ ಇರಲಿಕ್ಕಿಲ್ಲ ಬಿಡಿ! ನಾನಂತೂ ಉಂಡು, ಮೂರು ದಿನ ಅನುಭವಿಸಿದೆ.

ಊರ ತುಂಬ ಇರುವ ಮಗ್ಗಗಳ ಸದ್ದನ್ನೂ ಮೀರಿಸುವ ದನಿ ಅವಳದು. ಸುದ್ದಿ ಓಣಿ ದಾಟಲು ಎಷ್ಟು ಹೊತ್ತು? ಮುಂದಿನ ವಾರ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ತಡೆದು, "ನಿಮಗ ಅನ್ನಾನೂ ಸೇರೂದಿಲ್ಲಂತಲ್ರೀ, ಪಾಪ!" ಎಂದು ಬಾಳೆಹಣ್ಣು ಕೊಟ್ಟಳು.

ಕೊನೆಗೆ ಜೋಳದ ರೊಟ್ಟಿಗೆ ರಾಜಿಯಾಯಿತು. ದಿನದ ರೊಟ್ಟಿಯನ್ನೇ ಬಂದವರಿಗೂ ಹಾಕುವುದು ದೊಡ್ಡವ್ವನಿಗೆ ಅವಮಾನ. ಮುಖ ಗಂಟು ಹಾಕಿಕೊಂಡೇ ಬಡಿಸಿದಳು. ಎಣಗಾಯಿ, ಶೇಂಗಾ ಹಿಂಡಿ ಜೊತೆ ನಾಲ್ಕು ರೊಟ್ಟಿ ಉಂಡೆ. ಮುಧೋಳದ ನನ್ನ ಮನೆಗೆ ಮರಳಿದವನಿಗೆ ಎರಡು ದಿನ ಆಫೀಸಿಗೆ ಹೋಗಲಾಗಲಿಲ್ಲ. ಮರು ಭಾನುವಾರವೂ ಅದೇ ಕತೆ. ಮನೆಯಲ್ಲಿ ಅನ್ನ ಸಾರು ಉಂಡರೆ ಸುಮ್ಮನಿರುವ ಹೊಟ್ಟೆ ಅವಳ ರೊಟ್ಟಿಗೆ ಮಾತ್ರ ಯಾಕೆ ಕೆಡಬೇಕು? ಸಿಟ್ಟಿನಿಂದ ಫೋನ್ ಮಾಡಿದೆ.

"ಖರೆ ಹೇಳು, ಹಿಟ್ಟಿನ್ಯಾಗ ಗೋದಿ ಬೆರಿಸಿದಿ ಹೌದಿಲ್ಲೋ?"

"ನಿನ್ನಾಣಿಗೂ ಒಂದ ಕಾಳ ಬೆರಿಸಿಲ್ಲ."

"ನನ್ನ ಹೊಟ್ಟಿಗಿಂತ ನಿನಗ ನಿನ್ನ ಹಟಾನ ದೊಡ್ಡದು!" ಎಂದುಬಿಟ್ಟೆ. ದೊಡ್ಡವ್ವ ತಿರುಗಿ ಮಾತಾಡದೆ ಫೋನ್ ಇಟ್ಟದ್ದು ಅದೇ ಮೊದಲು. ನಾನೂ ಬನಹಟ್ಟಿಗೆ ಹೋಗುವುದು ಬಿಟ್ಟೆ.

ತಿಂಗಳಾದ ಮೇಲೆ ದೊಡ್ಡಪ್ಪ ಫೋನ್ ಮಾಡಿ ನಡೆದದ್ದು ಹೇಳಿದರು. ನಾನು ಬೈದ ಮರುದಿನವೇ ದೊಡ್ಡವ್ವ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿ, ಯಂತ್ರದ ಎದುರೇ ಕಾವಲು ಕೂತಿದ್ದಳಂತೆ. ನೋಡಿದರೆ, ಅವಳ ಜೋಳಕ್ಕಿಂತ ಮುಂಚೆ ಅದೇ ಕಲ್ಲಿಗೆ ಬಿದ್ದದ್ದು ಯಾರದೋ ಗೋಧಿ!

"ಕಲ್ಲ ತೊಳದು ನನ್ನ ಜ್ವಾಳ ಹಾಕು!" ಎಂದಿದ್ದಾಳೆ.

"ಗಿರಣಿ ಏನ್ ತಾಟೇನ್ರಿ ಯವ್ವಾ, ತೊಳ್ಯಾಕ?" ಎಂದನಂತೆ ಗಿರಣಿಯವ. ಅವನ ಏಳು ತಲೆಮಾರು ಜಾಲಾಡಿ, ಜೋಳವನ್ನು ಬೀಸಿಸದೆ ಹೊತ್ತು ಬಂದಳಂತೆ.

"ಐತಾರ ಬಾ" ಎಂದಷ್ಟೇ ಹೇಳಿ ದೊಡ್ಡಪ್ಪ ಫೋನ್ ಇಟ್ಟರು.

ಭಾನುವಾರ ಹೋದೆ. ಹಿತ್ತಲಲ್ಲಿ ಹಂಡೆಗೆ ಆಸರೆಯಾಗಿ ಬಿದ್ದಿದ್ದ ಅಜ್ಜಿಯ ಕಾಲದ ಬೀಸುಕಲ್ಲು ಪಡಸಾಲೆಯಲ್ಲಿತ್ತು. ಸುತ್ತ ಜೋಳದ ಹಿಟ್ಟು. ತುಪ್ಪದ ಗಿಂಡಿ ಅಟ್ಟ ಸೇರಿತ್ತು. ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಂಗೈ ನೋಡಿದೆ. ಬೀಸುಕಲ್ಲಿನ ಗೂಟ ಹಿಡಿದು ಎದ್ದ ಬೊಬ್ಬೆಗಳು ಒಡೆದಿದ್ದವು.

"ಎಪ್ಪತ್ತ ವರ್ಷದಾಕಿ, ಇದೆಲ್ಲಾ ಯಾಕ ಬೇಕಿತ್ತ ನಿನಗ?"

"ಬೆರಿಸಿಲ್ಲ ಅಂದ್ರ ನಂಬಲಿಲ್ಲಲಾ ನೀ," ಎಂದಳು, ನನ್ನ ಮುಖ ನೋಡದೆ. "ಈಗರೆ ಉಣ್ಣು."

ನಾಚಿಕೆಯಾಯಿತು. ಅಳುವೂ ಬಂತು. ತಲೆ ಬಗ್ಗಿಸಿ ರೊಟ್ಟಿ ಉಂಡೆ. ಹುಟ್ಟಿದಾಗಿನಿಂದ ಆ ಮನೆಯಲ್ಲಿ 'ಸಾಕು, ಸಾಕು' ಎಂದೇ ಒದರಿಕೊಂಡು ಬಂದವನು ಅಂದು ಮೊದಲ ಸಲ, "ಇನ್ನೊಂದ ಹಾಕು ದೊಡ್ಡವ್ವಾ" ಎಂದೆ.

ಬಿಸಿ ರೊಟ್ಟಿ ಹಿಡಿದು ಎದ್ದು ಬಂದವಳು ತಾಟಿನ ಹತ್ತಿರ ತಡೆದು ನಿಂತಳು.

"ತಡಿ ತಮ್ಮಾ. ಮೊದಲ ನಿನ್ನ ಹೊಟ್ಟಿ ಏನಂತೈತಿ ನೋಡೂಣು," ಎಂದು, ರೊಟ್ಟಿ ಆರದಂತೆ ಸೆರಗಿನಲ್ಲಿ ಸುತ್ತಿಕೊಂಡು, ನನ್ನ ಮುಖವನ್ನೇ ನೋಡುತ್ತಾ ಎದುರು ಕೂತಳು.